ಹುತ್ರಿದುರ್ಗದಲ್ಲಿ ಇಳಿಸಿದ ಒತ್ತು

ಶನಿವಾರದ ಬೆಳಗಿನ ತರಗತಿ ಮುಗಿಸಿ, ಮನೆಗೆ ಬಂದು ಎರಡು ತುತ್ತು ಮೊಸರನ್ನ ತಿಂದು, ಕೈಚೀಲಕ್ಕೆ ಒಂದು ಸೀರೆ, ಒಂದು ಟವಲು, ಒಂದು ಹಳೆಯ ನೋಟ್‌ಬುಕ್ಕು ತುರುಕಿಕೊಂಡು ಶಿರಾ ಗೇಟಿನಲ್ಲಿ ಜಟಕಾ ಹತ್ತಿದಾಗ ಗಂಟೆ ಹನ್ನೆರಡು ದಾಟಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಫೆಬ್ರವರಿ ತಿಂಗಳಾದರೂ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಾನು ಹುಟ್ಟಿದ್ದು ತುಮಕೂರಿನಲ್ಲಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವುದು ತುಮಕೂರಿನಲ್ಲಿ, ಮದುವೆಯಾಗಿ ಹೋದದ್ದೂ ತವರಿನಿಂದ ನಾಲ್ಕು ಬೀದಿ ಆಚೆಗೆ. ಅಂಥವಳು ಎರಡು ದಿನದ ಪ್ರಯಾಣ ಹೊರಟು, ಅದರಲ್ಲೂ ಹುತ್ರಿದುರ್ಗದ ಬೆಟ್ಟ ಹತ್ತುತ್ತೇನೆ ಎಂದದ್ದು ನಮ್ಮ ಯಜಮಾನರಿಗೆ ಬೇಕಾದಷ್ಟು ನಗು ಕೊಟ್ಟಿತ್ತು. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಇಳಿಸುವುದಕ್ಕೂ ನನ್ನನ್ನೇ ಕರೆಯುವವಳು ನೀನು ಎಂದು ಜಟಕಾದ ತನಕ ಬಂದು ಹೇಳಿ ಹೋದರು.

ಹೊರಟ ಕಾರಣ ಒಂದು ಪದ. ಪದ ಎಂದರೆ ನಮ್ಮ ಕಡೆ ಹಳ್ಳಿಯವರ ಬಾಯಲ್ಲಿ ಹಾಡು. ಹಿಂದೆ ಯಾವುದೋ ಕಾಲದಲ್ಲಿ ಹುತ್ರಿದುರ್ಗದ ಕೋಟೆಗೆ ದೊಡ್ಡ ದಂಡು ಬಂದು ಮುತ್ತಿಗೆ ಹಾಕಿದ್ದನ್ನು, ಒಳಗಿದ್ದವರು ಮಳೆಗಾಲದ ತನಕ ಜಗ್ಗದೆ ನಿಂತದ್ದನ್ನು ಹೇಳುವ ಹಾಡು ಅದು. ಮೂರು ವರ್ಷದ ಹಿಂದೆ ಅದನ್ನು ಗುಬ್ಬಿಯ ಹತ್ತಿರದ ಗಂಗಮ್ಮ ಎಂಬ ಹೆಂಗಸಿನ ಬಾಯಿಂದ ಕೇಳಿ ಬರೆದುಕೊಂಡಿದ್ದೆ. ಜಿಲ್ಲೆಯ ಪದಗಳನ್ನೆಲ್ಲ ಒಟ್ಟುಮಾಡಿ ಪುಸ್ತಕ ತರಲು ನಮ್ಮೂರಿನ ಕೆಲವರು ಸಮಿತಿ ಮಾಡಿಕೊಂಡಾಗ ನಾನು ಹೆಮ್ಮೆಯಿಂದ ಮೊದಲು ಕೊಟ್ಟದ್ದು ಇದನ್ನೇ. ಸಮಿತಿಯ ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು, ಒಂದು ಕಾಲಕ್ಕೆ ನನಗೂ ಗುರುಗಳು. ಹದಿನೆಂಟು ನುಡಿಗಳನ್ನೂ ಓದಿ ಮುಗಿಸಿದವರು ಹಾಳೆ ಹಿಂದಕ್ಕೆ ತಿರುಗಿಸಿ ಹದಿಮೂರನೆಯ ನುಡಿಯ ಮೇಲೆ ಬೆರಳಿಟ್ಟರು. ನನ್ನ ಶುದ್ಧಪ್ರತಿಯಲ್ಲಿ ಅದು ಹೀಗಿತ್ತು:

ಕೆಳಗಿನ ಕೆರೆಯ ಕೆಡಿಸಿತು ದಂಡು
ನಡುವಿನ ಬಾವಿ ತುಂಬಿತು ಮಣ್ಣು
ದೊಣ್ಣೆ ಕಾಯಿತೊ ನಮ್ಮ ದೊಣ್ಣೆ ಕಾಯಿತೊ
ದುರ್ಗದ ಪ್ರಾಣವ ದೊಣ್ಣೆ ಕಾಯಿತೊ

ನೀರಿನ ಮಾತಾಡುತ್ತಿದ್ದ ಹಾಡು ಇದ್ದಕ್ಕಿದ್ದಂತೆ ದೊಣ್ಣೆ ಎತ್ತಿಕೊಂಡದ್ದು ಹೇಗೆ ಎಂದು ಕೇಳಿದರು. ಫಿರಂಗಿ ತಂದವರನ್ನು ದೊಣ್ಣೆ ಹಿಡಿದು ತಡೆದರೇ ಎಂದೂ ಕೇಳಿದರು. ಯಾರೋ ಎರಡು ಬೇರೆ ಹಾಡುಗಳನ್ನು ಸೇರಿಸಿ ಹೊಲಿದಿದ್ದಾರೆ, ಬೆಟ್ಟ ಬರೀ ಹೆಸರಿಗೆ ಬಂದಿದೆ ಎಂಬುದು ಅವರ ತೀರ್ಮಾನ. "ಹುತ್ರಿದುರ್ಗ ಅನ್ನೋದನ್ನ ತೆಗೆದು ಬೇರೆ ಯಾವ ದುರ್ಗದ ಹೆಸರು ಹಾಕಿದ್ರೂ ಈ ಪದ ನಡೆಯುತ್ತೆ ಕಣಮ್ಮ. ನೆಲವೇ ಇಲ್ಲದ ಯುದ್ಧ ಇದು" ಎಂದರು. ಸೋಮವಾರ ಬೆಳಿಗ್ಗೆ ಹಸ್ತಪ್ರತಿ ಅಚ್ಚಿಗೆ ಹೋಗುವುದಿತ್ತು. ಭಾನುವಾರ ಸಂಜೆಯೊಳಗೆ ಈ ಪದ ಆ ಬೆಟ್ಟದ್ದೇ ಎಂದು ತೋರಿಸಿದರೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ಬಿಡುತ್ತೇವೆ ಎಂದು ಮಾತು ಮುಗಿಸಿದರು.

ನನಗೆ ಸಿಟ್ಟು ಬಂದದ್ದು ನಿಜ. ಹಿಂದಿನ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಇದೇ ಪದಕ್ಕೆ ನಮ್ಮ ಹುಡುಗಿಯರನ್ನು ಕುಣಿಸಿದ್ದೆ. ಒಬ್ಬೊಬ್ಬಳ ಕೈಗೂ ಬಣ್ಣದ ಕಾಗದ ಸುತ್ತಿದ ದೊಣ್ಣೆ ಕೊಟ್ಟು, "ದೊಣ್ಣೆ ಕಾಯಿತೊ" ಎಂದಾಗಲೆಲ್ಲ ನೆಲಕ್ಕೆ ಕುಟ್ಟಿಸಿದ್ದೆ. ಗಂಗಮ್ಮನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಅಂಥ ಪದವನ್ನು ನೆಲವಿಲ್ಲದ್ದು ಎಂದರೆ ಹೇಗಾಗಬೇಡ? ಹಾಡಿದವಳನ್ನೇ ಬೆಟ್ಟಕ್ಕೆ ಕರೆದುಕೊಂಡು ಹೋಗಿ ನುಡಿ ನುಡಿಗೂ ಜಾಗ ತೋರಿಸಿಕೊಂಡು ಬರುತ್ತೇನೆ ಎಂದು ಹಟ ತೊಟ್ಟು ಬುಧವಾರವೇ ಗುಬ್ಬಿಗೆ ಕಾರ್ಡು ಹಾಕಿದೆ.

ತುಮಕೂರಿನಿಂದ ಗುಬ್ಬಿಗೆ ಹನ್ನೆರಡು ಮೈಲಿ, ಬಸ್ಸಿಗೆ ಒಂದೂಕಾಲು ರೂಪಾಯಿ. ಗುಬ್ಬಿಯಲ್ಲಿ ಇಳಿದು ಒಂದು ಮೈಲಿ ನಡೆದರೆ ತೆಂಗಿನ ತೋಟದ ಅಂಚಿನಲ್ಲಿ ಗಂಗಮ್ಮನ ಮನೆ. ಆಕೆಗೆ ಅರವತ್ತರ ಹತ್ತಿರ. ಮುಂದಿನ ಹಲ್ಲು ಎರಡು ಹೋಗಿವೆ, ಎಡಮಂಡಿ ಹಿಡಿದುಕೊಂಡಿದೆ. ಓದು ಬಾರದು, ಕಾರ್ಡನ್ನು ಮಗ ಓದಿ ಹೇಳಿದ್ದ. ನಾನು ಹೋದಾಗ ಜಗಲಿಯ ಮೇಲೆ ತೆಂಗಿನ ಗರಿ ಹೆಣೆಯುತ್ತ ಕೂತಿದ್ದಳು, ಪಕ್ಕದಲ್ಲಿ ಗಂಟು ಕಟ್ಟಿಟ್ಟಾಗಿತ್ತು. ಈ ಮಂಡಿ ಇಟ್ಟುಕೊಂಡು ಬೆಟ್ಟವೇ ಎಂದು ಮಗ ಒಳಗಿನಿಂದಲೇ ಗೊಣಗುತ್ತಿದ್ದ. ನೀನು ಹುಟ್ಟುವ ಮುಂಚಿನಿಂದ ಆ ಬೆಟ್ಟ ನನಗೆ ಗೊತ್ತು ಎಂದು ಹೇಳಿ ಆಕೆ ಚಪ್ಪಲಿ ಮೆಟ್ಟಿಕೊಂಡಳು. ಸೊಸೆ ಓಡಿಬಂದು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟಳು.

ಮತ್ತೆ ತುಮಕೂರಿಗೆ ಬಂದು ಕುಣಿಗಲ್ ಬಸ್ಸು ಹಿಡಿದೆವು. ಕಿಟಕಿಯ ಜಾಗ ಗಂಗಮ್ಮನಿಗೆ ಬಿಟ್ಟುಕೊಟ್ಟೆ. ಬಸ್ಸು ಊರು ದಾಟುತ್ತಿದ್ದಂತೆ ಆಕೆಯ ಬಾಯಿ ಬಿಚ್ಚಿತು. ಹುಟ್ಟಿದ್ದು ಹುತ್ರಿದುರ್ಗದ ಬುಡದಲ್ಲಿ. ಹನ್ನೆರಡು ವರ್ಷಕ್ಕೆ ಮದುವೆಯಾಗಿ ಗುಬ್ಬಿಗೆ ಬಂದಳು. ಎರಡು ಮೂರು ಸಲ ತವರಿಗೆ ಹೋಗಿದ್ದಷ್ಟೇ. ಆಮೇಲೆ ತಾಯಿ ತೀರಿಕೊಂಡರು, ಅಣ್ಣ ಬೇರೆ ಊರು ಸೇರಿದ, ಹೋಗುವುದು ನಿಂತಿತು. ಬೆಟ್ಟ ನೋಡಿ ನಲವತ್ತು ವರ್ಷದ ಮೇಲಾಯಿತು.

"ನಮ್ಮವ್ವ ನಂಗೆ ಒಡವೆ ಗಿಡವೆ ಏನೂ ಹಾಕ್ಲಿಲ್ಲ ಟೀಚರಮ್ಮ. ಈ ಪದ ಕೊಟ್ಲು ಅಷ್ಟೇಯ" ಎಂದಳು. "ನಮ್ ಸೊಸೆ ಕಲೀಲಿಲ್ಲ. ಮೊಮ್ಮಕ್ಳು ರೇಡಿಯೋ ಕೇಳ್ತವೆ. ನನ್ ಬಾಯಿ ನಿಂತ್ರೆ ಪದಾನೂ ನಿಂತೋಯ್ತದೆ. ಬುಕ್ಕಲ್ಲಿ ಬಂದ್ರೆ ಇರ್ತದೆ, ಅಲ್ವರಾ?"

ಹೆಬ್ಬೂರಿನಲ್ಲಿ ಬಸ್ಸು ಹಾಲಿನ ಕ್ಯಾನು ಇಳಿಸಲು ಕಾಲು ಗಂಟೆ ನಿಂತಿತು. ಕೆಳಗಿಳಿದು ಎಳನೀರು ಕುಡಿದೆವು. ಆಕೆಯ ಮುಖದಲ್ಲಿದ್ದ ಗೆಲುವು ನೋಡಿ, ಪುಸ್ತಕದಲ್ಲಿ ಪದ ಬರುವುದೇ ಅನುಮಾನವಾಗಿದೆ ಎಂದು ಹೇಳುವುದಕ್ಕೆ ನನ್ನ ನಾಲಿಗೆ ಏಳಲಿಲ್ಲ. ಆದರೆ ಹೇಳದೆ ಕರೆದುಕೊಂಡು ಹೋಗುವುದು ಮೋಸವೆನ್ನಿಸಿ, ಈ ಪದ ಬೇರೆ ಯಾವುದೋ ಬೆಟ್ಟದ್ದಿರಬಹುದು ಎಂದು ಸಮಿತಿಯವರು ಹೇಳುತ್ತಿದ್ದಾರೆ, ಅದಕ್ಕೇ ಹೊರಟದ್ದು ಎಂದಷ್ಟು ಹೇಳಿದೆ. ಹದಿಮೂರನೆಯ ನುಡಿಯ ತಕರಾರು ಎತ್ತಲಿಲ್ಲ. ಆಕೆಗೆ ಇನ್ನಷ್ಟು ನೋವಾಗದಿರಲಿ ಎಂದು ನನ್ನ ಲೆಕ್ಕಾಚಾರ. ಅದೊಂದು ಮಾತು ಬಾಯಿಬಿಟ್ಟಿದ್ದರೆ ನಮ್ಮ ಪ್ರಯಾಣ ಹೆಬ್ಬೂರಿನಲ್ಲೇ ಮುಗಿದುಹೋಗುತ್ತಿತ್ತೆಂದು ಆಗ ನನಗೇನು ಗೊತ್ತು!

ಗಂಗಮ್ಮ ಎಳನೀರಿನ ಬುರುಡೆ ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಬ್ಯಾರೆ ಬೆಟ್ಟದ್ದಂತಾ? ಹಂಗಾರೆ ನಾನು ಹುಟ್ಟಿದ್ದೂ ಬ್ಯಾರೆ ಬೆಟ್ಟದಾಗೇ ಇರ್ಬೇಕು ಬುಡಿ" ಎಂದು ಹೇಳಿ ಬಸ್ಸು ಹತ್ತಿದಳು.

ಕುಣಿಗಲ್‌ನಲ್ಲಿ ನನ್ನ ನಾದಿನಿಯ ಮನೆ ಇದೆ. ಕೆರೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಅವರೆಕಾಳಿನ ಸುಗ್ಗಿಯ ಕೊನೆ, ಮುದ್ದೆಗೆ ಅವರೆಕಾಳಿನ ಸಾರು ಮಾಡಿದ್ದಳು. ಗಂಗಮ್ಮ ಎರಡು ಮುದ್ದೆ ಉಂಡದ್ದು ನೋಡಿ ನನಗೆ ನಾಳೆಯ ಬೆಟ್ಟದ ಬಗ್ಗೆ ಸ್ವಲ್ಪ ಧೈರ್ಯ ಬಂತು. ಬೇಗ ಮಲಗಿದೆವು.

ಭಾನುವಾರ ಆರೂವರೆಯ ಮೊದಲ ಬಸ್ಸು. ಅಲ್ಲಿಂದ ಹತ್ತು ಮೈಲಿ, ಅರ್ಧ ದಾರಿ ಮಣ್ಣಿನದು. ಮುಂದೆ ಹೋದ ಲಾರಿಯ ಧೂಳೆಲ್ಲ ನಮ್ಮ ತಲೆಯ ಮೇಲೆ. ಒಂದು ತಿರುವಿನಲ್ಲಿ ಗಂಗಮ್ಮ ಸೀಟಿನಿಂದ ಎದ್ದು ನಿಂತಳು. ಕೂತ್ಕೊಳ್ಳಮ್ಮ ಬಿದ್ದೀಯ ಎಂದು ಕಂಡಕ್ಟರ್ ಗದರಿದ. ಆಕೆಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಬೆಟ್ಟ ಎದುರಿಗೆ ಬಂದಿತ್ತು. ಹೊಲಗಳ ನಡುವಿನಿಂದ ಎದ್ದ ಬೋಳು ಬಂಡೆ, ಸೊಂಟಕ್ಕೆ ಸುತ್ತಿದ ಹಾಗೆ ಒಂದರ ಮೇಲೊಂದು ಕೋಟೆಯ ಗೋಡೆ. ಅಲ್ಲಿಂದ ಇಳಿಯುವ ತನಕ ಆಕೆ ಕೂರಲೇ ಇಲ್ಲ.

ಬುಡದ ಊರಿನಲ್ಲಿ ಸೌದೆಗೆಂದು ಹಗ್ಗ ಮಚ್ಚು ಹಿಡಿದು ಹೊರಟಿದ್ದ ಒಬ್ಬ ಗಂಡಸು ನಮ್ಮನ್ನು ನಿಲ್ಲಿಸಿ ಯಾರ ಪೈಕಿ ಎಂದು ವಿಚಾರಿಸಿದ. ಚಿಕ್ಕಣ್ಣ ಅಂತ ಹೆಸರು, ನಲವತ್ತು ನಲವತ್ತೈದು ವರ್ಷ ಇದ್ದಾನು. ಗಂಗಮ್ಮ ತಾಯಿಯ ಹೆಸರು ಹೇಳಿದಳು. ಅವನಿಗೆ ಮನುಷ್ಯರ ನೆನಪಿರಲಿಲ್ಲ. ಆದರೆ ಅವನ ತಾಯಿ ಆ ಮನೆಯ ಮಾತು ಆಡುತ್ತಿದ್ದಳಂತೆ. ಮನೆ ಈಗಿಲ್ಲ, ಅಲ್ಲಿ ಹುಲ್ಲಿನ ಬಣವೆ ಒಟ್ಟಿದ್ದಾರೆ ಎಂದ. ಗಂಗಮ್ಮ ಬಣವೆಯ ಹತ್ತಿರ ಹೋಗಿ ಒಂದು ನಿಮಿಷ ನಿಂತು, ಬನ್ನಿ ಬಿಸಿಲೇರ್ತದೆ ಎಂದಳು. ಚಿಕ್ಕಣ್ಣ ತಾನೂ ಮೇಲಕ್ಕೇ ಹೋಗುವವನೆಂದು ನಮ್ಮ ಜೊತೆ ಹೊರಟ.

ನನ್ನ ಪರೀಕ್ಷೆ ಶುರುವಾಯಿತು. ನೋಟ್‌ಬುಕ್ಕು ಬಿಚ್ಚಿ, ಒಂದೊಂದು ನುಡಿಗೂ ಜಾಗ ಸಿಕ್ಕಿದರೆ ಸರಿ, ಸಿಗದಿದ್ದರೆ ತಪ್ಪು ಗುರುತು ಎಂದು ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಠೀವಿಯಲ್ಲಿ ಹೊರಟೆ. ಮೊದಲ ನುಡಿಯಲ್ಲಿ ಕೋಟೆ ಬಾಗಿಲ ಬಳಿ ಹುಣಸೆಮರ. ಬಾಗಿಲಿತ್ತು, ಆದರೆ ಹುಣಸೆಮರದ ಬೊಡ್ಡೆಯೂ ಇರಲಿಲ್ಲ. ತಪ್ಪು. ಮೂರನೆಯ ನುಡಿಯಲ್ಲಿ ಏಳು ಸುತ್ತಿನ ಕೋಟೆ. ಎಂಟು ಎಂದ ಚಿಕ್ಕಣ್ಣ. ಬಿದ್ದುಹೋದದ್ದನ್ನು ಬಿಟ್ಟು ಎಣಿಸಿದರೆ ನನಗೆ ಆರೂ ಕಾಣಲಿಲ್ಲ. ಮತ್ತೆ ತಪ್ಪು. ಐದನೆಯ ನುಡಿಯ ಹೊತ್ತಿಗೆ ನನ್ನ ಮನಸ್ಸು ಪೂರ್ತಿ ಕುಸಿದಿತ್ತು. ಗುರುಗಳು ಹೇಳಿದ್ದೇ ನಿಜವಿರಬೇಕು, ಈ ಬಡಪಾಯಿಯನ್ನು ಇಷ್ಟು ದೂರ ಎಳೆದುಕೊಂಡು ಬಂದು ಪದ ಅವಳದ್ದಲ್ಲ ಎಂದು ಸಾಬೀತು ಮಾಡಿ ಕಳಿಸುತ್ತೇನೇನೋ ಎಂದು ಹೆದರಿಕೆಯಾಯಿತು.

ಅಲ್ಲಿಂದ ಮುಂದೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಒಂದೊಂದೂ ಮೊಣಕಾಲೆತ್ತರ. ಗಂಗಮ್ಮ ಹತ್ತು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದಳು. ಕೂತಾಗ ಸುಮ್ಮನಿದ್ದು, ಎದ್ದು ಹತ್ತುವಾಗ ಗುನುಗುತ್ತಿದ್ದಳು. ಏಳನೆಯ ನುಡಿ ಮನೆಯಲ್ಲಿ ಹಾಡುವಾಗ ಆಕೆಗೆ ಯಾವಾಗಲೂ ತಪ್ಪಿಹೋಗುತ್ತಿತ್ತು, ನಾನು ನೋಟ್‌ಬುಕ್ಕು ನೋಡಿ ಎತ್ತಿಕೊಡಬೇಕಾಗಿತ್ತು. ಇಲ್ಲಿ ಯಾರೂ ಎತ್ತಿಕೊಡದೆ ತಾನಾಗಿ ಬಂತು. ಇನ್ನೂ ಸ್ವಲ್ಪ ಮೇಲೆ ದಾರಿ ಸರಕ್ಕನೆ ತಿರುಗುವ ಜಾಗವಿದೆ. ಬಲಕ್ಕೆ ಆನೆ ಗಾತ್ರದ ಬಂಡೆ, ಎಡಕ್ಕೆ ಏನೂ ಇಲ್ಲ, ನೇರ ಕೆಳಗಿನ ಬಯಲು. ಆ ತಿರುವಿಗೆ ಬಂದ ಕೂಡಲೆ ಆಕೆ ಬಂಡೆಗೆ ಕೈ ಕೊಟ್ಟು ತಲೆ ಬಗ್ಗಿಸಿ ಹಾಡಿದಳು:

ಬಲಗಡೆ ಬಂಡೆ ಎಡಗಡೆ ಬಯಲು
ಬಗ್ಗಿಯೆ ನಡೆಯೊ ಗುಂಡಿನ ಹುಯಿಲು

ಈ ಸಾಲುಗಳು ನನ್ನ ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ಆಕೆ ಹಾಡಿರಲಿಲ್ಲ. ಕೇಳಿದರೆ, ಮರೆತೇ ಹೋಗಿತ್ತು, ಈ ಕಲ್ಲು ಮುಟ್ಟಿದೆ, ಬಂತು ಎಂದಳು. ಚಿಕ್ಕ ಹುಡುಗಿಯಾಗಿದ್ದಾಗ ತಾಯಿ ಈ ಜಾಗದಲ್ಲಿ ತಲೆಯ ಮೇಲೆ ಕೈಯಿಟ್ಟು ಒತ್ತಿ ಬಗ್ಗಿಸುತ್ತಿದ್ದಳಂತೆ. ನಾನು ನಿಂತಲ್ಲೇ ಬರೆದುಕೊಂಡೆ. ಈ ಪದವನ್ನು ಕಟ್ಟಿದವರು ಈ ದಾರಿಯಲ್ಲಿ ನಡೆದವರೇ ಎಂಬುದರಲ್ಲಿ ನನಗೆ ಇನ್ನು ಅನುಮಾನ ಉಳಿಯಲಿಲ್ಲ. ಅಲ್ಲಿಂದ ಮೇಲೆ ತಪ್ಪು ಗುರುತು ಹಾಕುವುದನ್ನು ಬಿಟ್ಟು ಆಕೆಯ ಹಿಂದೆ ಸುಮ್ಮನೆ ಹತ್ತಿದೆ.

ಆದರೂ ಹದಿಮೂರನೆಯ ನುಡಿ ಉಳಿದಿತ್ತು. ನಡುವಿನ ಸುತ್ತಿನಲ್ಲಿ ಒಂದು ಬಾವಿ ಕಾಣಿಸಿತು. ಅರ್ಧಕ್ಕರ್ಧ ಮಣ್ಣು ಕಲ್ಲು ತುಂಬಿ ಒಳಗೆ ಲಂಟಾನ ಬೆಳೆದಿತ್ತು. ಚಿಕ್ಕಣ್ಣನ ಅಜ್ಜನ ಕಾಲದಲ್ಲೂ ಅದು ಹಾಗೇ ಇತ್ತಂತೆ. ಅಲ್ಲಿಂದ ಬಗ್ಗಿ ನೋಡಿದರೆ ಬುಡದಲ್ಲಿ ಊರ ಕೆರೆ. ಕೆಳಗಿನ ಕೆರೆ ಸಿಕ್ಕಿತು, ನಡುವಿನ ಬಾವಿ ಸಿಕ್ಕಿತು, ಇನ್ನು ದೊಣ್ಣೆಯನ್ನು ಎಲ್ಲಿಂದ ತರಲಿ ಎಂದು ಯೋಚಿಸುತ್ತ ತುದಿ ಮುಟ್ಟಿದಾಗ ಹನ್ನೊಂದು ಗಂಟೆಯ ಬಿಸಿಲು ನೆತ್ತಿ ಸುಡುತ್ತಿತ್ತು. ತಂಬಿಗೆಯಲ್ಲಿ ತಂದಿದ್ದ ನೀರು ಅರ್ಧ ದಾರಿಯಲ್ಲೇ ಖಾಲಿಯಾಗಿತ್ತು. ತುದಿಯಲ್ಲಿ ಸಣ್ಣದೊಂದು ಕಲ್ಲಿನ ಗುಡಿ. ನಾನು ಅದರ ನೆರಳಿಗೆ ಕುಸಿದು ಕೂತೆ. ಗಂಗಮ್ಮ ಕೂರಲಿಲ್ಲ. ಮಂಡಿ ಎಳೆಯುತ್ತ ಗುಡಿಯ ಹಿಂದಕ್ಕೆ ಹೋದಳು. ಅಲ್ಲಿಂದ ಕೂಗಿದಳು.

ಹೋಗಿ ನೋಡಿದೆ. ಒಂದು ದೊಡ್ಡ ಗುಂಡುಕಲ್ಲು ಓರೆಯಾಗಿ ನಿಂತಿದೆ. ಅದರ ನೆರಳಿನಲ್ಲಿ ಬಂಡೆ ತಾನಾಗಿ ತಗ್ಗಾಗಿ ಒಂದು ಹೊಂಡವಾಗಿದೆ. ನಾಲ್ಕು ಜನ ಮಲಗುವಷ್ಟು ಉದ್ದ, ಆಳ ಎಷ್ಟೋ ಗೊತ್ತಾಗಲಿಲ್ಲ. ಅದರ ತುಂಬ ನೀರು. ಫೆಬ್ರವರಿ ತಿಂಗಳಲ್ಲಿ, ಅಷ್ಟು ಎತ್ತರದ ಬೋಳು ಬಂಡೆಯ ನೆತ್ತಿಯಲ್ಲಿ ಕಪ್ಪಗೆ, ತಣ್ಣಗೆ ನಿಂತ ನೀರು. ಗಂಗಮ್ಮ ಅಂಚಿನಲ್ಲಿ ಮಂಡಿಯೂರಿ ಎರಡು ಕೈಯಲ್ಲಿ ಮೊಗೆದು ಕುಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

"ಇದೇ ಕಣವ್ವ ನಮ್ ದೊಣೆ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಏನಂದಿರಿ ಎಂದೆ. ಉತ್ತರ ಕೊಟ್ಟದ್ದು ಚಿಕ್ಕಣ್ಣ. ಬಂಡೆಯ ಮೇಲೆ ಮಳೆನೀರು ನಿಲ್ಲುವ ಇಂಥ ಹೊಂಡಕ್ಕೆ ದೊಣೆ ಎನ್ನುತ್ತಾರೆ, ಈ ದೊಣೆ ಅವನಿಗೆ ಬುದ್ಧಿ ತಿಳಿದ ಮೇಲೆ ಒಂದು ವರ್ಷವೂ ಬತ್ತಿಲ್ಲ ಎಂದ. ಗಂಗಮ್ಮ ಆಗಲೇ ಹಾಡುತ್ತಿದ್ದಳು. ಕೆಳಗಿನ ಕೆರೆಯ ಕೆಡಿಸಿತು ದಂಡು, ನಡುವಿನ ಬಾವಿ ತುಂಬಿತು ಮಣ್ಣು, ದೊಣೆ ಕಾಯಿತೊ ನಮ್ಮ ದೊಣೆ ಕಾಯಿತೊ. ಕೆರೆ, ಬಾವಿ, ದೊಣೆ. ಕೆಳಗಿನಿಂದ ಮೇಲಕ್ಕೆ ಬೆಟ್ಟದಲ್ಲಿ ನೀರು ಇರುವ ಮೂರೇ ಜಾಗಗಳನ್ನು ಪದ ಸಾಲಾಗಿ ಹೇಳುತ್ತಿತ್ತು. ಮೊದಲ ಎರಡನ್ನು ದಂಡು ಹಾಳುಮಾಡಿತು. ಮೂರನೆಯದನ್ನು ಮುಟ್ಟಲಾಗಲಿಲ್ಲ. ಅದು ಕೋಟೆಯವರನ್ನು ಮಳೆ ಬರುವ ತನಕ ಉಳಿಸಿತು. ಇಡೀ ಯುದ್ಧ ನಡೆದದ್ದು ಇಷ್ಟು ನೀರಿಗಾಗಿ.

ನೋಟ್‌ಬುಕ್ಕು ತೆಗೆದು ಆ ಪುಟ ನೋಡಿದೆ. ಮೊದಲ ದಿನ ಆಕೆಯ ಬಾಯಿಂದ ಕೇಳಿ ಪೆನ್ಸಿಲಿನಲ್ಲಿ ಬರೆದದ್ದು ದೊಣೆ ಎಂದೇ ಇತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಣ ಒತ್ತು. ನನ್ನದೇ ಕೈ. ಎರಡು ಕಾರಣಕ್ಕೆ ಕೊಟ್ಟಿದ್ದೆ, ಎರಡೂ ಚೆನ್ನಾಗಿ ನೆನಪಿದ್ದವು. ಒಂದು, ಮಾತ್ರೆ ಎಣಿಸಿದರೆ ಒಂದು ಕಡಿಮೆ ಬೀಳುತ್ತಿತ್ತು, ಒತ್ತು ಕೊಟ್ಟರೆ ಸರಿಹೋಗುತ್ತಿತ್ತು. ಎರಡು, ಹಲ್ಲು ಹೋದ ಬಾಯಲ್ಲಿ ಒತ್ತು ಜಾರಿರಬೇಕು ಎಂದುಕೊಂಡಿದ್ದೆ. ದೊಣೆ ಎಂಬ ಶಬ್ದ ನನಗೆ ಗೊತ್ತಿರಲಿಲ್ಲವೆಂದಲ್ಲ. ಹಳಗನ್ನಡದಲ್ಲಿ ದೊಣೆ ಎಂದರೆ ಬತ್ತಳಿಕೆ ಎಂದು ವರ್ಷ ವರ್ಷವೂ ಪಾಠ ಹೇಳಿದವಳೇ ನಾನು. ಹಳ್ಳಿಯ ಹೆಂಗಸಿನ ಹಾಡಿಗೆ ಅಂಥ ಮಾತು ಎಲ್ಲಿಂದ ಬರಬೇಕು ಎಂದು ದೊಣ್ಣೆ ಮಾಡಿದ್ದೆ. ನಮ್ಮೂರಿನ ಪಕ್ಕದ ದೇವರಾಯನದುರ್ಗದ ಬೆಟ್ಟಕ್ಕೆ ಹತ್ತು ಸಲ ಹೋಗಿದ್ದೇನೆ. ಗುಡಿಯ ಮುಂದೆ ಕೂತು ಪುಳಿಯೋಗರೆ ತಿಂದು ಬಂದವಳಿಗೆ ಬಂಡೆಯ ನೀರು ಯಾಕೆ ಕಂಡೀತು?

ಪುಟವನ್ನು ಗಂಗಮ್ಮನಿಗೆ ತೋರಿಸಿದೆ. ಓದು ಬಾರದ ಆಕೆಗೆ ಕೆಂಪು ಗೆರೆಯ ಮೇಲೆ ಬೆರಳಿಟ್ಟು, ನಿಮ್ಮ ದೊಣೆಯನ್ನು ನಾನು ದೊಣ್ಣೆ ಮಾಡಿಬಿಟ್ಟಿದ್ದೇನೆ ಎಂದು ಹೇಳಿದೆ. ನಮ್ಮ ಹುಡುಗಿಯರು ದೊಣ್ಣೆ ಹಿಡಿದು ಕುಣಿದಾಗ ಎದುರಿಗೇ ಕೂತಿದ್ದಿರಲ್ಲ, ಆಗಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವಾಗ ಸ್ವಲ್ಪ ಆಕೆಯ ಮೇಲೂ ತಪ್ಪು ಹೊರಿಸುವ ಆಸೆ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಗಂಗಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನೀವು ಓದಿದವ್ರು. ಪ್ಯಾಟೆ ಕಡೆ ಹಂಗೇ ಹೇಳ್ತಾರೇನೋ ಅಂದ್ಕಂಡೆ. ಮಕ್ಳು ಬ್ಯಾರೆ ಚೆಂದಾಗಿ ಕುಣೀತಿದ್ವು. ಮನೆಗೆ ಬಂದ್ಮೇಲೆ ನಂಗೇ ಅನುಮಾನ ಆಯ್ತು, ನಮ್ಮವ್ವ ದೊಣೆ ಅಂದಿದ್ಲೋ ದೊಣ್ಣೆ ಅಂದಿದ್ಲೋ ಅಂತ. ಅವತ್ತಿಂದ ಆ ನುಡಿ ಬಂದಾಗ ಮೆತ್ತಗೆ ಹಾಡ್ತಿದ್ದೆ."

ನಾನು ಅತ್ತುಬಿಟ್ಟೆ. ಇಪ್ಪತ್ತು ವರ್ಷದಿಂದ ಎಷ್ಟು ಸಾವಿರ ಪುಟಗಳ ಮೇಲೆ ಕೆಂಪು ಶಾಯಿ ಓಡಿಸಿದ್ದೇನೋ, ಅದರಿಂದ ಒಬ್ಬರ ದನಿ ತಗ್ಗಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಚಿಕ್ಕಣ್ಣ ನಮ್ಮ ಗಲಾಟೆಯ ತಲೆಬುಡ ತಿಳಿಯದೆ ಸೌದೆಯ ಹಗ್ಗ ಕೈಗೆ ಸುತ್ತುತ್ತ ನಿಂತಿದ್ದ. ವಿವರಿಸಿ ಹೇಳಿದಾಗ, "ಫಿರಂಗಿ ಮುಂದೆ ದೊಣ್ಣೆ ಹಿಡ್ಕಂಡು ನಿಂತಿದ್ರೆ ನಾವ್ಯಾರೂ ಹುಟ್ಟೇ ಇರ್ತಿರ್ಲಿಲ್ಲ ಬುಡಿ" ಎಂದ. ಗಂಗಮ್ಮ ನಕ್ಕಳು, ನನಗೂ ಅಳುವಿನ ನಡುವೆಯೇ ನಗು ಬಂತು. ಸಾಕು, ನೀರು ಕುಡೀರಿ ಎಂದು ಆಕೆ ನನ್ನ ಭುಜ ಹಿಡಿದು ಬಗ್ಗಿಸಿದಳು. ಕುಡಿದೆ. ಅಲ್ಲೇ ಕೂತು ರೊಟ್ಟಿ ತಿಂದು, ಇನ್ನೊಮ್ಮೆ ಕುಡಿದು, ತಂಬಿಗೆ ತುಂಬಿಸಿಕೊಂಡು ಇಳಿದೆವು. ಇಳಿಯುವಾಗ ಆಕೆ ಹದಿನೆಂಟು ನುಡಿಯನ್ನೂ ಹೊಸ ಸಾಲುಗಳ ಸಮೇತ ಎರಡು ಸಲ ಹಾಡಿದಳು. ಮೆಲ್ಲಗಂತೂ ಹಾಡಲಿಲ್ಲ.

ಎರಡೂವರೆಯ ಬಸ್ಸಿಗೆ ಕುಣಿಗಲ್, ಅಲ್ಲಿಂದ ಇನ್ನೊಂದು ಬಸ್ಸಿಗೆ ತುಮಕೂರು. ಹೆಬ್ಬೂರು ಬಂದದ್ದು ಹೋದದ್ದು ತಿಳಿಯಲಿಲ್ಲ, ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದೆವು. ತುಮಕೂರಿನಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಮನೆಗೂ ಹೋಗದೆ, ಧೂಳು ಹಿಡಿದ ತಲೆಯಲ್ಲೇ ಅಧ್ಯಕ್ಷರ ಮನೆಗೆ ಹೋದೆವು. ಗಂಗಮ್ಮ ಒಳಗೆ ಬರಲು ಸಂಕೋಚಪಟ್ಟು ಪಡಸಾಲೆಯ ಬಾಗಿಲಲ್ಲೇ ಕೂತಳು. ನಾನು ತಿರುವಿನ ಹೊಸ ಸಾಲುಗಳನ್ನು ಓದಿದೆ, ಕೆರೆ ಬಾವಿ ದೊಣೆಗಳ ಸಾಲನ್ನು ಕಾಗದದ ಮೇಲೆ ಗೀಚಿ ತೋರಿಸಿದೆ. ಅವರು ಬಗ್ಗಿ ನೋಡುತ್ತ ನೋಡುತ್ತ ಕುರ್ಚಿಯ ಅಂಚಿಗೆ ಬಂದರು. ನೆಲ ಇದೆಯಲ್ಲಮ್ಮ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಪೆನ್ನು ತೆಗೆದು, ಹಾಡಿದವರ ಉಚ್ಚಾರ ದೋಷದಿಂದ ಪಾಠ ಕೆಟ್ಟಿತ್ತು, ಈಗ ತಿದ್ದಿದೆ ಎಂದು ಅಡಿಟಿಪ್ಪಣಿ ಹಾಕೋಣವೇ ಎಂದು ಕೇಳಿದರು.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸಂಗ್ರಾಹಕಿ ಎಂದು ಪುಸ್ತಕದಲ್ಲಿ ಅಚ್ಚಾಗುವ ಹೆಸರು ನನ್ನದು, ಎದುರಿಗೆ ಕೂತವರು ನನಗೆ ಛಂದಸ್ಸು ಕಲಿಸಿದವರು. ಗಂಗಮ್ಮನಿಗೆ ಉಚ್ಚಾರ ದೋಷ ಎಂಬ ಮಾತು ಅರ್ಥವಾಗಿತ್ತೋ ಇಲ್ಲವೋ, ಬಾಗಿಲಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ಉಚ್ಚಾರ ಸರಿಯಾಗೇ ಇತ್ತು ಸರ್. ಒತ್ತು ಕೊಟ್ಟೋಳು ನಾನು" ಎಂದೆ.

ಗುರುಗಳು ಬೈಯಲಿಲ್ಲ. ಎದ್ದು ಪಡಸಾಲೆಗೆ ಹೋಗಿ, ಆ ನುಡಿ ಒಂದು ಸಲ ಹೇಳಿಯಮ್ಮ ಎಂದು ಗಂಗಮ್ಮನ ಎದುರಿಗೆ ನೆಲದ ಮೇಲೇ ಕೂತರು. ಆಕೆ ಪೂರ್ತಿ ದನಿ ಬಿಟ್ಟು ಹಾಡಿದಳು, ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡುವಷ್ಟು. ದೊಣೆಯ ಕೊನೆಯನ್ನು ಆಕೆ ಎಳೆದದ್ದು ಕೇಳಿ ಗುರುಗಳು ನನ್ನ ಕಡೆ ತಿರುಗಿ ಒಂದು ಬೆರಳು ಎತ್ತಿದರು. ನಾನು ಲೆಕ್ಕದಲ್ಲಿ ಕಳೆದುಕೊಂಡಿದ್ದ ಒಂದು ಮಾತ್ರೆ ಆ ಎಳೆತದಲ್ಲೇ ಇತ್ತು.

ಪದ ಪುಸ್ತಕಕ್ಕೆ ಸೇರಿತು. ಉಳಿದದ್ದು ಅಡಿಟಿಪ್ಪಣಿ. ದೊಣೆ ಎಂದರೆ ಬಂಡೆಯಲ್ಲಿ ನೀರು ನಿಲ್ಲುವ ತಗ್ಗು ಎಂದು ಅರ್ಥ ಬರೆದರಾಯಿತು ಎಂದು ಅವರು ಹೇಳಿದಾಗ ಗಂಗಮ್ಮ ಮೊದಲ ಸಲ ತಾನಾಗಿ ಬಾಯಿ ಹಾಕಿದಳು.

"ಅರ್ಥ ಬರೆದ್ರೆ ನಾಳೀಕೆ ಇನ್ಯಾರೋ ಓದಿದವ್ರು ಇನ್ನೊಂದು ಒತ್ತು ಕೊಡ್ತಾರೆ ಸ್ವಾಮಿ. ದಾರಿ ಬರೀರಿ. ಬಂದು ನೋಡ್ಲಿ."

ಗುರುಗಳು ಪೆನ್ನನ್ನು ನನ್ನ ಕೈಗೆ ಕೊಟ್ಟರು. ಪುಸ್ತಕ ಆ ವರ್ಷ ಮಳೆಗಾಲಕ್ಕೆ ಬಂತು. ಹದಿಮೂರನೆಯ ನುಡಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು ಇಷ್ಟು: ಕುಣಿಗಲ್‌ನಿಂದ ಬೆಳಗಿನ ಬಸ್ಸಿಗೆ ಹೋಗಿ ಹುತ್ರಿದುರ್ಗದ ಬುಡದಲ್ಲಿ ಇಳಿಯಬೇಕು. ಬಲಕ್ಕೆ ಬಂಡೆ ಎಡಕ್ಕೆ ಬಯಲು ಇರುವ ತಿರುವು ದಾಟಿ ತುದಿಯ ತನಕ ಹತ್ತಬೇಕು. ಗುಡಿಯ ಹಿಂದೆ ಓರೆಯಾಗಿ ನಿಂತ ಗುಂಡುಕಲ್ಲಿನ ನೆರಳಿನಲ್ಲಿ ದೊಣೆ ಇದೆ. ಬೇಸಿಗೆಯಲ್ಲೂ ನೀರಿರುತ್ತದೆ. ಬಗ್ಗಿ ಕುಡಿಯಬೇಕು.